ಕ್ಲೌಡ್ ಸರ್ವರ್ ಆಫ್ ಮಾಡಿದರೆ ಬಿಲ್ ನಿಲ್ಲುತ್ತದೆಯೇ? ಕರೆಂಟ್ ಬಿಲ್ ಮುಂದಿಟ್ಟುಕೊಂಡು ಒಂದು ಲೆಕ್ಕ

ಸಾರಾಂಶ

“ಕ್ಲೌಡ್ ಸರ್ವರ್ ಒಂದು ವರ್ಷ ಫ್ರೀ. ಬೇಡವಾದಾಗ ಆಫ್ ಮಾಡಿ, ಒಂದು ರೂಪಾಯಿಯೂ ಬರುವುದಿಲ್ಲ” ಎಂಬ ಅರ್ಥದ ಸಂದೇಶಗಳು ವಿದ್ಯಾರ್ಥಿಗಳ ಮತ್ತು ಸಣ್ಣ ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುತ್ತವೆ. ನಾವು ಈ ಮಾತನ್ನು ಕಂಪನಿಗಳ ದರಪಟ್ಟಿ ಮತ್ತು ನಿಯಮಗಳ ಜೊತೆ ಹೋಲಿಸಿ ನೋಡಿದೆವು. ಹೇಳಿಕೆ ಅರ್ಧ ಸತ್ಯ. ಮಷೀನ್ ಆಫ್ ಮಾಡಿದರೆ ಬಿಲ್‌ನ ಒಂದು ಭಾಗ ಮಾತ್ರ ನಿಲ್ಲುತ್ತದೆ. ಉಳಿದ ಭಾಗ ಪ್ರತಿ ತಿಂಗಳೂ ಬರುತ್ತಲೇ ಇರುತ್ತದೆ.

ಮೊದಲು ಒಂದು ಸಮಾಧಾನದ ಮಾತು

ನಿಮ್ಮ ಫೋನಿನ ಫೋಟೋ, ಕಾಂಟ್ಯಾಕ್ಟ್ ಉಳಿಸುವ ಕ್ಲೌಡ್ ಬೇರೆ, ಈ ಲೇಖನದ ಕ್ಲೌಡ್ ಬೇರೆ. ಗೂಗಲ್ ಖಾತೆಯ 15 ಜಿಬಿ ತುಂಬಿದರೆ ಹೊಸ ಫೋಟೋ ಬ್ಯಾಕಪ್ ಆಗುವುದು ನಿಲ್ಲುತ್ತದೆ. ನಿಮ್ಮನ್ನು ಕೇಳದೆ ಬಿಲ್ ಬರುವುದಿಲ್ಲ. ಅದು ಪ್ರೀಪೇಯ್ಡ್ ರಿಚಾರ್ಜ್ ಇದ್ದಂತೆ, ಮುಗಿದರೆ ಮುಗಿಯಿತು.

ಇಲ್ಲಿ ಹೇಳುತ್ತಿರುವುದು ಕ್ಲೌಡ್ ವರ್ಚುವಲ್ ಮಷೀನ್ ವಿಷಯ. ಅಮೆಜಾನ್‌ನ ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್‌ನ ಅಜ್ಯೂರ್, ಗೂಗಲ್ ಕ್ಲೌಡ್ ಮುಂತಾದವು ಬಾಡಿಗೆಗೆ ಕೊಡುವ ಕಂಪ್ಯೂಟರ್ ಇದು. ಇದರ ಲೆಕ್ಕ ಪೋಸ್ಟ್‌ಪೇಯ್ಡ್. ಮೊದಲು ಬಳಕೆ, ತಿಂಗಳ ಕೊನೆಗೆ ಬಿಲ್. ಬಿ.ಇ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿ, ಆನ್‌ಲೈನ್ ಟೆಸ್ಟ್ ನಡೆಸುವ ಕೋಚಿಂಗ್ ಸೆಂಟರ್, ಗೊಬ್ಬರದಂಗಡಿಯ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿಕೊಟ್ಟ ಹುಡುಗರು, ಇವರೆಲ್ಲ ಇದನ್ನು ಬಳಸುತ್ತಾರೆ. ಖಾತೆ ತೆರೆಯುವಾಗ ಬಹಳ ಸಲ ಅಪ್ಪನದೋ ಅಣ್ಣನದೋ ಕಾರ್ಡ್ ಹಾಕಿರುತ್ತಾರೆ. ಬಿಲ್ ಬಂದಾಗ ಮನೆಯವರೆಲ್ಲ ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ವರ್ಚುವಲ್ ಮಷೀನ್ ಎಂದರೇನು?

ದೊಡ್ಡ ದೊಡ್ಡ ಕಂಪ್ಯೂಟರ್‌ಗಳು ತುಂಬಿದ ಕಟ್ಟಡಕ್ಕೆ ಡೇಟಾ ಸೆಂಟರ್ ಎನ್ನುತ್ತಾರೆ. ಅಲ್ಲಿಯ ಒಂದು ಶಕ್ತಿಶಾಲಿ ಕಂಪ್ಯೂಟರನ್ನು ಸಾಫ್ಟ್‌ವೇರ್ ಮೂಲಕ ಹಲವು ಸಣ್ಣ ಕಂಪ್ಯೂಟರ್‌ಗಳಾಗಿ ಭಾಗ ಮಾಡುತ್ತಾರೆ. ಪ್ರತಿ ಭಾಗವೂ ಬೇರೆ ಕಂಪ್ಯೂಟರಿನಂತೆಯೇ ಕೆಲಸ ಮಾಡುತ್ತದೆ. ಅದೇ ವರ್ಚುವಲ್ ಮಷೀನ್. ಒಂದು ದೊಡ್ಡ ವಾಡೆಯಲ್ಲಿ ಗೋಡೆ ಹಾಕಿ ಹತ್ತು ಮನೆ ಬಾಡಿಗೆಗೆ ಕೊಟ್ಟ ಹಾಗೆ.

ಅಮೆಜಾನ್ 2006ರ ಆಗಸ್ಟ್‌ನಲ್ಲಿ ಇಂತಹ ಮಷೀನ್‌ಗಳನ್ನು ಗಂಟೆಗೆ 10 ಸೆಂಟ್ ದರದಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿತು. ಅದರ ಮುಂಬೈ ಡೇಟಾ ಸೆಂಟರ್‌ಗಳು 2016ರಲ್ಲಿ, ಗೂಗಲ್ ಕ್ಲೌಡ್‌ನವು 2017ರಲ್ಲಿ ಆರಂಭವಾದವು. ಹಾಗಾಗಿ ಗೋಕಾಕದಲ್ಲಿ ಕುಳಿತು ಬಾಡಿಗೆಗೆ ಹಿಡಿದ ಮಷೀನ್ ಇಂದು ಬಹುಪಾಲು ಮುಂಬೈಯಲ್ಲಿ ಓಡುತ್ತಿರುತ್ತದೆ.

ನಮ್ಮ ಭಾಗಕ್ಕೆ ಇದು ತೀರಾ ಹೊಸ ಕಥೆಯಲ್ಲ. 1880ರ ದಶಕದಲ್ಲಿ ಗೋಕಾಕ ಫಾಲ್ಸ್‌ನಲ್ಲಿ ಹತ್ತಿ ಗಿರಣಿ ಕಟ್ಟಿದಾಗ ಯಂತ್ರ ತಿರುಗಿಸುವ ಶಕ್ತಿಯನ್ನು ಗಿರಣಿಯವರೇ ಘಟಪ್ರಭೆಯ ನೀರಿನಿಂದ ಪಡೆಯಬೇಕಿತ್ತು. ಬೇಕಾದವರಿಗೆ ತಂತಿಯ ಮೂಲಕ ಶಕ್ತಿ ಕೊಡುವ ವ್ಯವಸ್ಥೆ ಆಗ ಇರಲಿಲ್ಲ. ಮುಂದೆ ಕರೆಂಟ್ ಮನೆಮನೆಗೆ ಬಂತು, ಜೊತೆಗೆ ಮೀಟರ್ ಕೂಡ ಬಂತು. ಕಂಪ್ಯೂಟರ್ ವಿಷಯದಲ್ಲೂ ಆಗಿದ್ದು ಇದೇ. ಮೊದಲು ಸರ್ವರ್ ಕೊಂಡು ಇಟ್ಟುಕೊಳ್ಳಬೇಕಿತ್ತು. ಈಗ ಮೀಟರ್ ಮೇಲೆ ಸಿಗುತ್ತದೆ.

ಆ ಮೀಟರ್ ಯಾವುದನ್ನು ಅಳೆಯುತ್ತದೆ?

ಇಲ್ಲಿ ನಿಮ್ಮ ಕರೆಂಟ್ ಬಿಲ್ ಕೈಗೆತ್ತಿಕೊಳ್ಳಿ. ಹುಕ್ಕೇರಿ ತಾಲೂಕಿನವರಾದರೆ ಬಿಲ್ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ್ದು. 1969ರಲ್ಲಿ ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಇದೂ ಒಂದು. ಗೋಕಾಕ, ಮೂಡಲಗಿಯವರಾದರೆ ಬಿಲ್ ಹೆಸ್ಕಾಂನದು. ಯಾರದೇ ಇರಲಿ, ಅದರಲ್ಲಿ ಎರಡು ಮುಖ್ಯ ಸಾಲುಗಳಿರುತ್ತವೆ. ಒಂದು, ಸುಟ್ಟ ಯೂನಿಟ್‌ಗೆ ಕೊಡುವ ಹಣ. ಇನ್ನೊಂದು, ನಿಮಗೆ ಮಂಜೂರಾದ ಲೋಡ್ ಮೇಲಿನ ನಿಗದಿತ ಶುಲ್ಕ. ಗಿರಣಿಗೋ ಅಂಗಡಿಗೋ ಬೀಗ ಹಾಕಿ ತಿಂಗಳು ಊರಿಗೆ ಹೋದರೂ ಎರಡನೆಯ ಸಾಲು ತಪ್ಪುವುದಿಲ್ಲ. ನಿಮ್ಮ ಹೆಸರಿಗೆ ಅಷ್ಟು ಲೋಡ್ ತೆಗೆದಿಟ್ಟಿದ್ದಾರಲ್ಲ, ಆ ಹಣ ಅದಕ್ಕೆ.

ಕ್ಲೌಡ್ ಬಿಲ್ ಹೆಚ್ಚಾಗಿ ಈ ಎರಡನೆಯ ಸಾಲಿನ ಜಾತಿಗೆ ಸೇರಿದ್ದು. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ನೀವು ಎಷ್ಟು ಕೆಲಸ ಮಾಡಿಸಿಕೊಂಡಿರಿ ಎನ್ನುವುದಕ್ಕಿಂತ ನಿಮ್ಮ ಹೆಸರಿಗೆ ಎಷ್ಟು ಕಟ್ಟಿಟ್ಟಿದ್ದಾರೆ ಎನ್ನುವುದರ ಮೇಲೆ ಹಣ ನಿಂತಿದೆ. ಅದರ ಮುಖ್ಯ ಭಾಗಗಳು ಇವು.

1. ಮಷೀನ್ ಓಡಿದ ಸಮಯ: ಪ್ರೊಸೆಸರ್ ಮತ್ತು ಮೆಮೊರಿಯ ಬಾಡಿಗೆ. ಮಷೀನ್ ಆನ್ ಇರುವಷ್ಟು ಹೊತ್ತು ಓಡುತ್ತದೆ. ಒಬ್ಬರೂ ಬಳಸದೆ ಖಾಲಿ ಕುಳಿತಿದ್ದರೂ ಅಷ್ಟೇ ಹಣ. ದಿನದ ಬಾಡಿಗೆಗೆ ತಂದ ಟ್ರ್ಯಾಕ್ಟರ್ ಹೊಲದ ಬದುವಿನ ಮೇಲೆ ನಿಂತಿದ್ದರೂ ಬಾಡಿಗೆ ಕೊಡಬೇಕಲ್ಲ, ಹಾಗೆ. ಎಡಬ್ಲ್ಯೂಎಸ್ 2017ರ ಅಕ್ಟೋಬರ್‌ನಿಂದ ಲಿನಕ್ಸ್ ಮಷೀನ್‌ಗಳಿಗೆ ಗಂಟೆಯ ಬದಲು ಸೆಕೆಂಡ್ ಲೆಕ್ಕ ತಂದಿದೆ.

2. ಡಿಸ್ಕ್: ನಿಮ್ಮ ಫೈಲ್ ಇರುವ ಜಾಗ. 100 ಜಿಬಿ ಕೇಳಿ 5 ಜಿಬಿ ತುಂಬಿಸಿದರೂ 100 ಜಿಬಿಗೇ ಹಣ. ಮಷೀನ್ ಆಫ್ ಆದರೂ ಈ ಮೀಟರ್ ನಿಲ್ಲುವುದಿಲ್ಲ. ಫೈಲ್ ಅಲ್ಲೇ ಇದೆಯಲ್ಲ!

3. ಸಾರ್ವಜನಿಕ ಐಪಿ ವಿಳಾಸ: ಹೊರಗಿನವರು ನಿಮ್ಮ ಸರ್ವರ್ ತಲುಪಲು ಬೇಕಾದ ನಂಬರ್. ಹಳೆಯ ಮಾದರಿಯ ಈ ನಂಬರ್‌ಗಳು ಪ್ರಪಂಚದಲ್ಲೇ ಮುಗಿಯುತ್ತ ಬಂದಿವೆ. ಆದ್ದರಿಂದ ಎಡಬ್ಲ್ಯೂಎಸ್ 2024ರ ಫೆಬ್ರುವರಿ 1ರಿಂದ ಪ್ರತಿ ವಿಳಾಸಕ್ಕೂ ಗಂಟೆಗೆ 0.005 ಡಾಲರ್ ವಿಧಿಸುತ್ತಿದೆ. ತಿಂಗಳಿಗೆ 3.65 ಡಾಲರ್.

4. ಹೊರಹೋಗುವ ಡೇಟಾ: ಒಳಗೆ ಕಳಿಸುವುದು ಸಾಮಾನ್ಯವಾಗಿ ಉಚಿತ, ಹೊರಗೆ ತೆಗೆಯುವುದಕ್ಕೆ ದುಡ್ಡು. ಎಡಬ್ಲ್ಯೂಎಸ್‌ನಲ್ಲಿ ತಿಂಗಳಿಗೆ ಮೊದಲ 100 ಜಿಬಿ ಉಚಿತ, ನಂತರ ಪ್ರತಿ ಜಿಬಿಗೂ ದರ. ನಿಮ್ಮ ಸರ್ವರ್‌ನಿಂದ ಜನ ವಿಡಿಯೊ ನೋಡಿದಷ್ಟೂ ಇದು ಏರುತ್ತದೆ.

5. ಸ್ನ್ಯಾಪ್‌ಶಾಟ್ ಮತ್ತು ಬ್ಯಾಕಪ್: ಡಿಸ್ಕ್‌ನ ನಕಲುಗಳು. ಮೂಲ ಡಿಸ್ಕ್ ಅಳಿಸಿದರೂ ಇವು ಉಳಿದಿರುತ್ತವೆ, ಬಿಲ್‌ನಲ್ಲೂ ಉಳಿದಿರುತ್ತವೆ.

ಇವೆಲ್ಲದರ ಮೇಲೆ ಶೇ. 18 ಜಿಎಸ್‌ಟಿ.

ಒಂದು ಲೆಕ್ಕ ಮಾಡೋಣ

ಮೂಡಲಗಿಯಲ್ಲಿ ಒಂದು ಕೋಚಿಂಗ್ ಸೆಂಟರ್ ಇದೆ ಎಂದುಕೊಳ್ಳಿ. ಪೊಲೀಸ್, ಎಫ್‌ಡಿಎ ಪರೀಕ್ಷೆಗೆ ಓದುವ 200 ಮಂದಿಗೆ ಆನ್‌ಲೈನ್ ಟೆಸ್ಟ್ ನಡೆಸುತ್ತದೆ. ಲೆಕ್ಕ ಸುಲಭವಾಗಲಿ ಎಂದು ನಾವೇ ದುಂಡು ದರಗಳನ್ನು ಇಟ್ಟುಕೊಂಡಿದ್ದೇವೆ. ನಿಜವಾದ ದರ ಕಂಪನಿ ಮತ್ತು ಮಷೀನ್ ಗಾತ್ರದ ಮೇಲೆ ಬದಲಾಗುತ್ತದೆ.

ಮಷೀನ್‌ಗೆ ಗಂಟೆಗೆ 4 ರೂ. ಡಿಸ್ಕ್ 100 ಜಿಬಿ, ಜಿಬಿಗೆ ತಿಂಗಳಿಗೆ 8 ರೂ. ಸ್ಥಿರ ಐಪಿ ವಿಳಾಸಕ್ಕೆ ತಿಂಗಳಿಗೆ 330 ರೂ. ವಿದ್ಯಾರ್ಥಿಗಳು ತಲಾ 1 ಜಿಬಿ ನೋಟ್ಸ್, ವಿಡಿಯೊ ಇಳಿಸಿಕೊಂಡರೆ 200 ಜಿಬಿ ಡೇಟಾ ಹೊರಹೋಯಿತು. ಅದರಲ್ಲಿ 100 ಜಿಬಿ ಉಚಿತ, ಉಳಿದ 100 ಜಿಬಿಗೆ 10 ರೂ.ನಂತೆ ಲೆಕ್ಕ.

ಹಗಲು ರಾತ್ರಿ ಓಡಿಸಿದರೆ: ತಿಂಗಳಿಗೆ ಸರಾಸರಿ 730 ಗಂಟೆ. ಮಷೀನ್ 2,920, ಡಿಸ್ಕ್ 800, ವಿಳಾಸ 330, ಡೇಟಾ 1,000. ಒಟ್ಟು 5,050 ರೂ. ಜಿಎಸ್‌ಟಿ 909 ಸೇರಿ 5,959 ರೂ.

ದಿನಕ್ಕೆ 3 ಗಂಟೆ, ಟೆಸ್ಟ್ ಹೊತ್ತಿಗೆ ಮಾತ್ರ ಓಡಿಸಿದರೆ: 30 ದಿನಕ್ಕೆ 90 ಗಂಟೆ. ಮಷೀನ್ 360, ಡಿಸ್ಕ್ 800, ವಿಳಾಸ 330, ಡೇಟಾ 1,000. ಒಟ್ಟು 2,490 ರೂ. ಜಿಎಸ್‌ಟಿ ಸೇರಿ 2,938 ರೂ.

ಬ್ಯಾಚ್ ಮುಗಿಯಿತು ಎಂದು ಪೂರ್ತಿ ಆಫ್ ಮಾಡಿಟ್ಟರೆ: ಮಷೀನ್ 0, ಡೇಟಾ 0. ಆದರೆ ಡಿಸ್ಕ್ 800, ವಿಳಾಸ 330. ಒಟ್ಟು 1,130 ರೂ. ಜಿಎಸ್‌ಟಿ ಸೇರಿ 1,333 ರೂ.

ಎರಡನೆಯ ಲೆಕ್ಕ ಗಮನಿಸಿ. ಮಷೀನ್ ಓಡುವ ಸಮಯ ಎಂಟನೇ ಒಂದು ಭಾಗಕ್ಕೆ ಇಳಿಯಿತು, ಬಿಲ್ ಮಾತ್ರ ಅರ್ಧಕ್ಕೆ ನಿಂತಿತು. ಮೂರನೆಯದು ಇನ್ನೂ ಮುಖ್ಯ. ಒಬ್ಬರೂ ಬಳಸದ, ಆಫ್ ಆಗಿರುವ ಮಷೀನ್‌ಗೆ ವರ್ಷಕ್ಕೆ ಸುಮಾರು 16,000 ರೂ. ಹೋಗುತ್ತದೆ. “ಮಷೀನ್ ಬಂದ್ ಮಾಡೀನಲ್ಲ, ಮತ್ಯಾಕ ಬಿಲ್ ಬಂತು?” ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಈಗ ಒಂದೊಂದೇ ಹೇಳಿಕೆ

ಹೇಳಿಕೆ 1: ಆಫ್ ಮಾಡಿದರೆ ಬಿಲ್ ನಿಲ್ಲುತ್ತದೆ.
ವಾಸ್ತವ: ಅರ್ಧ ಸತ್ಯ. ಡಿಸ್ಕ್, ಸ್ಥಿರ ವಿಳಾಸ, ಸ್ನ್ಯಾಪ್‌ಶಾಟ್‌ಗಳ ಹಣ ಮುಂದುವರಿಯುತ್ತದೆ. ಅಜ್ಯೂರ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಷೀನ್ ಒಳಗಿನಿಂದಲೇ ವಿಂಡೋಸ್ ಶಟ್‌ಡೌನ್ ಮಾಡಿದರೆ ಅದು ಬರೀ ‘ಸ್ಟಾಪ್ಡ್’ ಎಂದು ತೋರಿಸುತ್ತದೆ, ಮಷೀನ್‌ನ ಬಾಡಿಗೆಯೂ ಓಡುತ್ತಲೇ ಇರುತ್ತದೆ. ಪೋರ್ಟಲ್‌ನಲ್ಲಿ ‘ಸ್ಟಾಪ್’ ಒತ್ತಿ, ‘ಸ್ಟಾಪ್ಡ್ ಡೀಅಲೊಕೇಟೆಡ್’ ಎಂದು ಬಂದ ಮೇಲೆಯೇ ಆ ಬಾಡಿಗೆ ನಿಲ್ಲುವುದು. ಮನೆ ಬೀಗ ಹಾಕುವುದಕ್ಕೂ ಬಾಡಿಗೆ ಮನೆ ಖಾಲಿ ಮಾಡಿ ಕೀಲಿ ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸ ಇದು.

ಹೇಳಿಕೆ 2: ಒಂದು ವರ್ಷ ಪೂರ್ತಿ ಫ್ರೀ.
ವಾಸ್ತವ: ಹೊಸಬರಿಗೆ ಇದು ಹಳೆಯ ಮಾಹಿತಿ. ಎಡಬ್ಲ್ಯೂಎಸ್‌ನಲ್ಲಿ ಮೊದಲು 12 ತಿಂಗಳು, ತಿಂಗಳಿಗೆ 750 ಗಂಟೆ ಸಣ್ಣ ಮಷೀನ್ ಉಚಿತವಿತ್ತು. 31 ದಿನದ ತಿಂಗಳಲ್ಲಿ ಇರುವುದೇ 744 ಗಂಟೆ, ಹಾಗಾಗಿ ಒಂದು ಮಷೀನ್‌ಗೆ ಸಾಕಾಗುತ್ತಿತ್ತು. ಎರಡು ಮಷೀನ್ ಒಟ್ಟಿಗೆ ಓಡಿಸಿದರೆ ಹದಿನಾರನೆಯ ದಿನಕ್ಕೆ ಉಚಿತ ಗಂಟೆ ಮುಗಿದು ಮೀಟರ್ ಶುರು. 2025ರ ಜುಲೈ 15ರ ನಂತರ ತೆರೆದ ಖಾತೆಗಳಿಗೆ ನಿಯಮವೇ ಬೇರೆ. ಗರಿಷ್ಠ 200 ಡಾಲರ್ ಕ್ರೆಡಿಟ್, ಆರು ತಿಂಗಳ ಫ್ರೀ ಪ್ಲಾನ್. ಪೇಯ್ಡ್ ಪ್ಲಾನ್‌ಗೆ ನೀವಾಗಿ ಬದಲಾಯಿಸದಿದ್ದರೆ ಶುಲ್ಕವಿಲ್ಲ. ಬದಲಾಯಿಸಿದರೆ ಕ್ರೆಡಿಟ್ ಮುಗಿದ ಮೇಲೆ ಮೀಟರ್ ನಿಮ್ಮದೇ.

ಗೂಗಲ್ ಕ್ಲೌಡ್ ಹೊಸಬರಿಗೆ 90 ದಿನಕ್ಕೆ 300 ಡಾಲರ್, ಅಜ್ಯೂರ್ 30 ದಿನಕ್ಕೆ 200 ಡಾಲರ್ ಕ್ರೆಡಿಟ್ ಕೊಡುತ್ತವೆ. ಗೂಗಲ್‌ನ ‘ಸದಾ ಉಚಿತ’ ಸಣ್ಣ ಮಷೀನ್ ಅಮೆರಿಕದ ಮೂರು ಕಡೆಯ ಡೇಟಾ ಸೆಂಟರ್‌ಗಳಲ್ಲಿ ಮಾತ್ರ ಉಚಿತ. ಗೋಕಾಕಕ್ಕೆ ಹತ್ತಿರ ಎಂದು ಮುಂಬೈ ಆರಿಸಿದರೆ ಅದೇ ಮಷೀನ್‌ಗೆ ಬಿಲ್ ಬರುತ್ತದೆ.

ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕೆಂಬುದು ಈಗ ಮನೆಮನೆಗೂ ಗೊತ್ತು, ಅದಕ್ಕೇ ಜನ ಮೀಟರ್ ನೋಡಿಕೊಂಡು ಬಳಸುತ್ತಾರೆ. ಕ್ಲೌಡ್‌ನ ಉಚಿತ ಮಿತಿ ಅಷ್ಟು ಕಠಿಣವಲ್ಲ, ಮಿತಿ ದಾಟಿದ ಭಾಗಕ್ಕೆ ಮಾತ್ರ ಹಣ. ಆದರೆ ಇಲ್ಲಿ ಮೀಟರ್ ಗೋಡೆಯ ಮೇಲೆ ಕಣ್ಣಿಗೆ ಬೀಳುವಂತೆ ಇರುವುದಿಲ್ಲ, ನಾವೇ ತೆರೆದು ನೋಡಬೇಕು.

ಹೇಳಿಕೆ 3: ಬಜೆಟ್ 500 ರೂ. ಎಂದು ಹಾಕಿದರೆ ಅದಕ್ಕಿಂತ ಹೆಚ್ಚು ಕಟ್ ಆಗುವುದಿಲ್ಲ.
ವಾಸ್ತವ: ತಪ್ಪು. ಬಜೆಟ್ ಅಲರ್ಟ್ ಇಮೇಲ್ ಕಳಿಸುತ್ತದೆ, ಮಷೀನ್ ನಿಲ್ಲಿಸುವುದಿಲ್ಲ. ಹೊಲಕ್ಕೆ ದನ ನುಗ್ಗಿದೆ ಎಂದು ಕೂಗಿ ಹೇಳುವ ಹುಡುಗನಂತೆ ಅದು, ಓಡಿಸುವ ಕೆಲಸ ನಿಮ್ಮದೇ. ಬಿಲ್‌ನ ಅಂಕಿಗಳು ಪುಟದಲ್ಲಿ ಕಾಣಲು ಕೆಲವು ಗಂಟೆ ತಡವಾಗುವುದರಿಂದ ಅಲರ್ಟ್ ಬರುವ ಹೊತ್ತಿಗೆ ಮಿತಿ ದಾಟಿರಲೂಬಹುದು. ಹಾಗಿದ್ದರೂ ಅಲರ್ಟ್ ಹಾಕಿಡುವುದೇ ಒಳ್ಳೆಯದು.

ಹೇಳಿಕೆ 4: ಕಾರ್ಡ್ ಬ್ಲಾಕ್ ಮಾಡಿದರೆ ಮುಗಿಯಿತು.
ವಾಸ್ತವ: ತಪ್ಪು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡ್‌ನಿಂದ ತಾನಾಗಿ ಕಟ್ ಆಗುವ ಇಂತಹ ಪಾವತಿ 15,000 ರೂ. ದಾಟಿದರೆ ಒಟಿಪಿ ಬೇಕು, ಕಟ್ ಆಗುವ 24 ಗಂಟೆ ಮೊದಲು ನಿಮಗೆ ಸೂಚನೆಯೂ ಬರಬೇಕು. ಇದು ನಿಮ್ಮ ಬ್ಯಾಂಕ್ ಖಾತೆಗೆ ಕಾವಲು. ಕಂಪನಿಯ ಪುಸ್ತಕದಲ್ಲಿ ನಿಮ್ಮ ಹೆಸರಿನ ಬಾಕಿ ಇದರಿಂದ ಅಳಿಯುವುದಿಲ್ಲ. ಮಷೀನ್, ಡಿಸ್ಕ್ ಹಾಗೇ ಇದ್ದರೆ ಬಾಕಿ ಬೆಳೆಯುತ್ತಲೂ ಹೋಗಬಹುದು. ಮೊದಲು ವಸ್ತುಗಳನ್ನು ಅಳಿಸಿ, ಆಮೇಲೆ ಖಾತೆ ಮುಚ್ಚಿ.

ಹೇಳಿಕೆ 5: ಸಣ್ಣ ಮಷೀನ್‌ಗೆ ದೊಡ್ಡ ಬಿಲ್ ಬರಲು ಸಾಧ್ಯವೇ ಇಲ್ಲ.
ವಾಸ್ತವ: ಖಾತೆಯ ಕೀಲಿ ಬೇರೆಯವರ ಕೈಗೆ ಸಿಕ್ಕರೆ ಸಾಧ್ಯ. ಕೆಲವರು ಪ್ರಾಜೆಕ್ಟ್ ಕೋಡ್ ಜೊತೆಗೆ ತಮ್ಮ ಕ್ಲೌಡ್ ಖಾತೆಯ ಗುಪ್ತ ಕೀಲಿಯನ್ನೂ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಡುತ್ತಾರೆ. ಇಂತಹ ಕೀಲಿ ಹುಡುಕುವ ಸಾಫ್ಟ್‌ವೇರ್‌ಗಳು ಸದಾ ಓಡುತ್ತಿರುತ್ತವೆ. ಕೀಲಿ ಸಿಕ್ಕವರು ನಿಮ್ಮ ಹೆಸರಿನಲ್ಲಿ ಹಲವು ದೊಡ್ಡ ಮಷೀನ್ ಶುರು ಮಾಡಿ ಕ್ರಿಪ್ಟೋ ನಾಣ್ಯ ಗಳಿಸಲು ಹಚ್ಚುತ್ತಾರೆ. ಗಳಿಕೆ ಅವರಿಗೆ, ಬಿಲ್ ನಿಮಗೆ. 2018ರಲ್ಲಿ ಕಾರು ತಯಾರಿಸುವ ಟೆಸ್ಲಾ ಕಂಪನಿಯ ಕ್ಲೌಡ್‌ನಲ್ಲೂ ಹೀಗೆ ಕಳ್ಳತನದಿಂದ ನಾಣ್ಯ ಗಣಿಗಾರಿಕೆ ನಡೆದದ್ದು ಬೆಳಕಿಗೆ ಬಂದಿತ್ತು.

ಹಾಗಾದರೆ ಕ್ಲೌಡ್ ದುಬಾರಿಯೇ?

ಕೆಲಸದ ರೀತಿ ನೋಡಿ ಹೇಳಬೇಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಬೇಕಾದಷ್ಟು ಟ್ರ್ಯಾಕ್ಟರ್‌ಗಳನ್ನು ಒಬ್ಬ ರೈತ ಕೊಂಡಿಟ್ಟುಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತಾನೆ. ವರ್ಷವಿಡೀ ದಿನಾ ಬೇಕಾಗುವುದನ್ನು ಕೊಳ್ಳುತ್ತಾನೆ. ಫಲಿತಾಂಶದ ದಿನ, ಅರ್ಜಿಯ ಕೊನೆಯ ದಿನ ಹೀಗೆ ಒಮ್ಮೆಲೇ ಜನ ಮುಗಿಬೀಳುವ ಕೆಲಸಕ್ಕೆ ಕ್ಲೌಡ್ ಲಾಭ. ಒಂದೇ ಸಮನೆ ಓಡುವ ಕೆಲಸಕ್ಕೆ ಗಂಟೆ ದರ ಭಾರವಾಗಬಹುದು. ಅದಕ್ಕೇ ಕಂಪನಿಗಳು ಒಂದು ಅಥವಾ ಮೂರು ವರ್ಷದ ಕರಾರಿಗೆ ದೊಡ್ಡ ರಿಯಾಯಿತಿ ಕೊಡುತ್ತವೆ. ಎಡಬ್ಲ್ಯೂಎಸ್‌ನಲ್ಲಿ ಅದು ಶೇ. 72ರವರೆಗೂ ಇದೆ. ಆದರೆ ಕರಾರು ಮಾಡಿದ ಮೇಲೆ ಬಳಸಲಿ ಬಿಡಲಿ, ಹಣ ಕಟ್ಟಬೇಕು. ಉಳಿದಿರುವ ಮಷೀನ್‌ಗಳನ್ನು ‘ಸ್ಪಾಟ್’ ಎಂಬ ಹೆಸರಿನಲ್ಲಿ ಶೇ. 90ರವರೆಗೂ ಅಗ್ಗವಾಗಿ ಕೊಡುತ್ತಾರೆ. ಕಂಪನಿಗೆ ಬೇಕಾದಾಗ ಎರಡು ನಿಮಿಷದ ಸೂಚನೆ ಕೊಟ್ಟು ವಾಪಸ್ ಪಡೆಯುತ್ತಾರೆ. ಪರೀಕ್ಷೆ ನಡೆಯುತ್ತಿರುವಾಗ ಇದನ್ನು ನೆಚ್ಚುವಂತಿಲ್ಲ.

ಲೆಕ್ಕ ಹಾಕಿ ಕ್ಲೌಡ್ ಬಿಟ್ಟವರೂ ಇದ್ದಾರೆ. ಬೇಸ್‌ಕ್ಯಾಂಪ್ ತಯಾರಿಸುವ ಅಮೆರಿಕದ 37ಸಿಗ್ನಲ್ಸ್ ಕಂಪನಿ 2022ರಲ್ಲಿ ಕ್ಲೌಡ್‌ಗೆ ಸುಮಾರು 32 ಲಕ್ಷ ಡಾಲರ್ ಖರ್ಚು ಮಾಡಿತ್ತು. ಅದೇ ವರ್ಷ ತನ್ನದೇ ಸರ್ವರ್‌ಗಳಿಗೆ ಮರಳುವುದಾಗಿ ಘೋಷಿಸಿತು. ಸಣ್ಣ ಅಂಗಡಿ, ಶಾಲೆಯ ಸಾದಾ ವೆಬ್‌ಸೈಟ್‌ಗಾದರೆ ವರ್ಚುವಲ್ ಮಷೀನ್ ಬೇಕಾಗುವುದೇ ಅಪರೂಪ. ವರ್ಷಕ್ಕೆ ಒಮ್ಮೆ ನಿಗದಿತ ಹಣ ಕಟ್ಟುವ ಸಾಮಾನ್ಯ ಹೋಸ್ಟಿಂಗ್ ಸಾಕು. ಅಲ್ಲಿ ಅನಿರೀಕ್ಷಿತ ಬಿಲ್‌ನ ಭಯ ಕಡಿಮೆ.

ಖಾತೆ ಇರುವವರು ಇವತ್ತೇ ಮಾಡಬೇಕಾದದ್ದು

• ಬಿಲ್ಲಿಂಗ್ ಪುಟ ತೆರೆಯಿರಿ. ಯಾವ ಸೇವೆಗೆ, ಯಾವ ಊರಿನ ಡೇಟಾ ಸೆಂಟರ್‌ನಲ್ಲಿ ಹಣ ಹೋಗುತ್ತಿದೆ ನೋಡಿ. ಎಡಬ್ಲ್ಯೂಎಸ್‌ನಲ್ಲಿ ಮುಂಬೈ ಆರಿಸಿ ನೋಡಿದಾಗ ಖಾಲಿ ಕಾಣುತ್ತದೆ, ಅಮೆರಿಕದ ವರ್ಜೀನಿಯಾದಲ್ಲಿ ಎಂದೋ ಶುರು ಮಾಡಿದ ಮಷೀನ್ ಓಡುತ್ತಲೇ ಇರಬಹುದು.
• ಬೇಕಾದ ಫೈಲ್‌ಗಳನ್ನು ಮೊದಲು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಅಳಿಸಿದ ಡಿಸ್ಕ್ ಮತ್ತೆ ಸಿಗುವುದಿಲ್ಲ.
• ಆಮೇಲೆ ಮಷೀನ್, ಡಿಸ್ಕ್, ಸ್ಥಿರ ಐಪಿ ವಿಳಾಸ, ಸ್ನ್ಯಾಪ್‌ಶಾಟ್ ನಾಲ್ಕನ್ನೂ ಪ್ರತ್ಯೇಕವಾಗಿ ಹುಡುಕಿ ಅಳಿಸಿ.
• ಎರಡು ದಿನ ಬಿಟ್ಟು ಬಿಲ್ ಪುಟ ಮತ್ತೆ ನೋಡಿ. ಅಂಕಿ ಏರುತ್ತಿದ್ದರೆ ಏನೋ ಉಳಿದಿದೆ.
• ಎರಡು ಹಂತದ ಲಾಗಿನ್ ಹಾಕಿ. ಗುಪ್ತ ಕೀಲಿಯನ್ನು ಗಿಟ್‌ಹಬ್‌ಗಾಗಲಿ ವಾಟ್ಸ್‌ಆ್ಯಪ್‌ಗಾಗಲಿ ಹಾಕಬೇಡಿ.
• ದೊಡ್ಡ ಬಿಲ್ ಬಂದೇಬಿಟ್ಟಿದ್ದರೆ ಮುಚ್ಚಿಡಬೇಡಿ. ಮನೆಯಲ್ಲಿ ಹೇಳಿ, ಕೂಡಲೇ ಎಲ್ಲ ನಿಲ್ಲಿಸಿ, ಕಂಪನಿಯ ಸಪೋರ್ಟ್ ವಿಭಾಗಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಮನ್ನಾ ಮಾಡುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ಕೇಳದಿದ್ದರೆ ಸಿಗುವುದಿಲ್ಲ.
• ‘ಫ್ರೀ ಸರ್ವರ್’ ಲಿಂಕ್ ಒತ್ತಿ ಕಾರ್ಡ್ ನಂಬರ್, ಒಟಿಪಿ ಕೊಟ್ಟು ಹಣ ಕಳೆದುಕೊಂಡಿದ್ದರೆ ಅದು ಕ್ಲೌಡ್ ಬಿಲ್ ಅಲ್ಲ, ವಂಚನೆ. ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ತೀರ್ಮಾನ

ಕ್ಲೌಡ್ ಮಷೀನ್ ಆಫ್ ಮಾಡಿದರೆ ಬಿಲ್ ಪೂರ್ತಿ ನಿಲ್ಲುತ್ತದೆ ಎಂಬ ಹೇಳಿಕೆ ಅರ್ಧ ಸತ್ಯ. ಒಂದು ವರ್ಷ ಪೂರ್ತಿ ಫ್ರೀ ಎಂಬುದು ಹೊಸ ಖಾತೆಗಳ ಮಟ್ಟಿಗೆ ದಾರಿ ತಪ್ಪಿಸುವ ಹಳೆಯ ಮಾಹಿತಿ.

ನಿಮ್ಮ ಗ್ರೂಪ್‌ಗೆ ಆ ಫಾರ್ವರ್ಡ್ ಬಂದಿದ್ದರೆ ಅದರ ಕೆಳಗೆ ಇಷ್ಟು ಹಾಕಿ: “ಕ್ಲೌಡ್ ಮಷೀನ್ ಆಫ್ ಮಾಡಿದರೂ ಡಿಸ್ಕ್, ಐಪಿ ವಿಳಾಸ, ಬ್ಯಾಕಪ್‌ಗೆ ಬಿಲ್ ಬರುತ್ತದೆ. ಬೇಡವಾದರೆ ಪೂರ್ತಿ ಅಳಿಸಿ, ಎರಡು ದಿನ ಬಿಟ್ಟು ಬಿಲ್ ನೋಡಿ. ಅಪ್ಪನ ಕಾರ್ಡ್ ಹಾಕಿದ್ದರೆ ಅಪ್ಪನಿಗೂ ತಿಳಿಸಿ.”